ಎಷ್ಟಾದರೆ ಸಾಕು?

ದರ್ಜಿಯ ನೆಮ್ಮದಿ ಕೆಡಿಸಿದ್ದು ಮಗಳ ಥೆರಪಿ ಮೇಡಂ ಬೆಳಗ್ಗೆ ಕೇಳಿದ ಒಂದೇ ಒಂದು ಪ್ರಶ್ನೆ.

"ಇನ್ನು ಮುಂದೆ ಮಗುವಿಗೆ ದಿನಕ್ಕೆ ಎಷ್ಟು ಹೊತ್ತು ಥೆರಪಿ ಇಡೋಣ? ಜಾಸ್ತಿ ಆದ್ರೆ ಸುಸ್ತಾಗ್ತಾಳೆ, ಕಮ್ಮಿ ಆದ್ರೆ ಕಲ್ತಿದ್ದು ಮರ್ತುಹೋಗುತ್ತೆ. ಅವಳನ್ನ ದಿನವೆಲ್ಲ ನೋಡೋರು ನೀವು. ಯೋಚನೆ ಮಾಡಿಟ್ಟಿರಿ, ಸಂಜೆ ಅಂಗಡಿ ಕಡೆ ಬರ್ತೀನಿ."

ಬೀದಿಯವರ ಎದೆ, ಸೊಂಟ, ತೋಳುಗಳನ್ನೆಲ್ಲ ಕಣ್ಣಳತೆಯಲ್ಲೇ ಹೇಳಿಬಿಡುವ ಆಸಾಮಿಗೆ ಸ್ವಂತ ಮಗಳ ಅಳತೆ ಮಾತ್ರ ಸಿಗಲಿಲ್ಲ. ಐದು ವರ್ಷದ ಅವಳನ್ನು ಎಲ್ಲರೂ ಕರೆಯುವುದು ಗುಂಡಿ ಎಂದು. ಅಂಗಡಿಯ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತ ಕೂತಳೆಂದರೆ ಅವಳಿಗೆ ಲೋಕವೇ ಬೇಡ. ಆದರೆ ಮಾತು ಇನ್ನೂ ಹೊರಟಿರಲಿಲ್ಲ. ಬೇಡವಾದದ್ದೇನಾದರೂ ಆದರೆ ಮೇಜಿನಡಿ ಸೇರಿ ಬೀದಿಯೇ ಬೆಚ್ಚಿಬೀಳುವಂತೆ ಕಿರುಚುತ್ತಿದ್ದಳು. ಕಿರುಚುವ ಬದಲು 'ಸಾಕು' ಅನ್ನಲಿ ಎಂದು ಮೇಡಂ ಆ ಒಂದು ಪದವನ್ನೇ ತಿಂಗಳುಗಟ್ಟಲೆ ಹೇಳಿಕೊಡುತ್ತಿದ್ದರು. ಏನಾದರೂ ಸರಿಯಾಗಿ ಮಾಡಿದರೆ "ಭೇಷ್!" ಎಂದು ಅಂಗೈಗೊಂದು ಹೊಸ ಗುಂಡಿ. ಮಗಳ ಬಾಯಿಂದ ಒಂದೇ ಒಂದು ಮಾತು ಕೇಳಬೇಕೆಂದು ಅಪ್ಪನ ಜೀವ ಹಾತೊರೆಯುತ್ತಿತ್ತು.

ಅವನು ತೆಪ್ಪಗೆ ತನ್ನಷ್ಟಕ್ಕೆ ಯೋಚಿಸಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಹೋಗಿ ಪಕ್ಕದ ಇಸ್ತ್ರಿಯವನ ಹತ್ತಿರ ಬಾಯಿಬಿಟ್ಟ.

"ಬೆಳಗ್ಗಿಂದ ಸಂಜೆವರೆಗೂ ಇಡೋ! ಶಾಖ ಸಾಲದಿದ್ರೆ ಸುಕ್ಕು ಹೋಗುತ್ತಾ?" ಎಂದ ಇಸ್ತ್ರಿಯವನು. "ಜೊತೆಗೆ ನಮ್ಮ ನಾಯಿ ಹಾಕಿರೋ ಮರೀಲಿ ಒಂದನ್ನ ಸಾಕೋ ಅಂತ ದಿನಾ ಬಡ್ಕೋತಿದೀನಿ. ಮಗೂಗೂ ಆಸೆ, ಬಂದು ಬಂದು ನೋಡ್ಕೊಂಡು ಹೋಗ್ತಾಳೆ."

"ನಾಯಿ ವಿಷಯ ಎತ್ತಬೇಡ ಕಣೋ!" ನಾಯಿಯ ಹೆಸರು ಕೇಳಿದರೆ ಸಾಕು, ದರ್ಜಿಯ ಕಾಲುಗಳು ತಾವಾಗಿಯೇ ನೆಲಬಿಟ್ಟು ಮೇಲೇಳುತ್ತಿದ್ದವು.

ಎದುರಿನ ಔಷಧಿ ಅಂಗಡಿಯವರು ಅಲ್ಲಿಂದಲೇ ಕೂಗಿದರು. "ಒಟ್ಟಿಗೆ ಕೊಡಬೇಡಿ! ಬೆಳಗ್ಗೆ ಅರ್ಧ, ರಾತ್ರಿ ಅರ್ಧ. ಊಟ ಆದ್ಮೇಲೆ."

ಅಷ್ಟರಲ್ಲಿ ದರ್ಜಿಯ ಅಕ್ಕ ಬಂದಳು. ಬೇಡದ ಹೊತ್ತಿಗೆ ಸರಿಯಾಗಿ ಬರುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. "ಥೆರಪಿಯೂ ಬೇಡ, ಗಿರಪಿಯೂ ಬೇಡ. ನೀನೂ ಲೇಟಾಗೇ ಮಾತು ಕಲ್ತಿದ್ದು ಕಣೋ. ಈಗ ನೋಡು, ನಿಲ್ಸೋಕೇ ಆಗ್ತಿಲ್ಲ."

ಈ ಗಲಾಟೆಯಲ್ಲಿ ದರ್ಜಿ ವಕೀಲರ ಕೋಟಿಗೆ ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಹೊಲಿದುಬಿಟ್ಟ. ಹಾಕಿ ನೋಡಲು ಬಂದ ವಕೀಲರ ಕೈಗಳು ಒಳಗೆ ಸಿಕ್ಕಿಕೊಂಡು ಹಿಂದಕ್ಕೆ ತಿರುಗಿ ನಿಂತವು. ಆದರೂ ವಿಷಯ ಕಿವಿಗೆ ಬಿದ್ದ ಕೂಡಲೇ ಅವರು ನೋವು ಮರೆತರು. "ಇಂಥದ್ರಲ್ಲಿ ಅವಸರ ಮಾಡಬಾರ್ದು. ಮುಂದಕ್ಕೆ ಹಾಕ್ಸಿ!"

ದರ್ಜಿಗೆ ರೇಗಿಹೋಯಿತು. "ಯಾರ ಮಾತೂ ಬೇಡ. ಎಷ್ಟು ಹೊತ್ತು ತಡ್ಕೋತಾಳೆ ಅಂತ ನಾನೇ ನೋಡ್ತೀನಿ." ಮಗಳ ಮುಂದೆ ಗುಂಡಿಗಳ ಡಬ್ಬಿ ಇಟ್ಟು ಕೂತ. ಅವಳು ಬಣ್ಣ ನೋಡಿ ಒಂದನ್ನು ಬೇರೆ ಇಟ್ಟಳು. "ಭೇಷ್!" ಎಂದ. ಹಿಂದಿನಿಂದ ಇಸ್ತ್ರಿಯವನು, ಔಷಧಿಯವರು, ಅಕ್ಕ ಎಲ್ಲರೂ "ಭೇಷ್!" ಎಂದು ಚಪ್ಪಾಳೆ ಹೊಡೆದರು. ಕೈ ಸಿಗದ ವಕೀಲರು ನೆಲ ಒದ್ದರು. ಗುಂಡಿ ಕಿವಿ ಮುಚ್ಚಿಕೊಂಡು ಮೇಜಿನಡಿಗೆ ನುಗ್ಗಿದಳು. ಆಮೇಲೆ ಕೇಳಬೇಕೇ? ಅವಳ ಕಿರುಚಾಟ ಒಂದು ಕಡೆ, ಅದನ್ನು ನಿಲ್ಲಿಸುವ ಉಪಾಯ ಹೇಳುವವರ ಕಿರುಚಾಟ ಇನ್ನೊಂದು ಕಡೆ.

"ಎಲ್ರೂ ಸುಮ್ನಿರ್ತೀರಾ!" ಎಂದು ಗದರಿದ ದರ್ಜಿ ಮಂಡಿಯೂರಿದ. ಮೇಜಿನಿಂದ ಇಳಿಬಿದ್ದ ಬಟ್ಟೆಯ ಆಚೆ ಅವಳು ಬಿಕ್ಕುತ್ತಿದ್ದಳು. "ತಪ್ಪಾಯ್ತು ಕಂದಾ, ನಿನ್ನನ್ನ ಗೋಳು ಹುಯ್ಕೊಂಡುಬಿಟ್ಟೆ."

ಬಿಕ್ಕು ನಿಂತಿತು. ಬಟ್ಟೆಯ ಹಿಂದೆ ಏನೋ ಸರಸರ ಸದ್ದಾಯಿತು. ಆಮೇಲೆ ಒಳಗಿನಿಂದ ಪುಟ್ಟ ದನಿಯೊಂದು ಸ್ಪಷ್ಟವಾಗಿ ಕೇಳಿತು.

"ಸಾಕು."

ದರ್ಜಿಗೆ ಅಳು ಉಕ್ಕಿ ಬಂತು. ಎದ್ದವನೇ ಎದುರಿಗೆ ಸಿಕ್ಕ ವಕೀಲರನ್ನು ತಬ್ಬಿಕೊಂಡ ರಭಸಕ್ಕೆ ಕೋಟಿನ ಎರಡೂ ತೋಳು ಪರ್ರೆಂದು ಕಿತ್ತು ಬಂದವು. "ಮಗಳು ಮಾತಾಡಿದ್ಲು! ಅಳತೆನೂ ಅವಳೇ ಕೊಟ್ಲು!" ನಾನು ಹೇಳಿದ್ದೂ ಅದೇ ತಾನೇ ಎಂದು ಪ್ರತಿಯೊಬ್ಬರೂ ಬೀಗಿದರು.

ಸಂಜೆ ಮೇಡಂ ಹೊಸ್ತಿಲು ದಾಟುವ ಮೊದಲೇ ದರ್ಜಿ ಕೈಮುಗಿದ. "ಮೇಡಂ, 'ಸಾಕು' ಅಂದ್ಬಿಟ್ಲು! ಥೆರಪಿ ಇನ್ನು ನಿಲ್ಲಿಸಿಬಿಡೋಣ."

ಮೇಡಂ ಮುಖವೂ ಅರಳಿತು. ಆದರೂ ಕೇಳಿದರು. "ಹಾಗನ್ನುವಾಗ ಏನನ್ನ ನೋಡ್ತಿದ್ಲು?"

"ಅದು ಯಾರಿಗೆ ಗೊತ್ತು? ಮೇಜಿನಡಿ ಇದ್ಲು. ಈಗಲೂ ಅಲ್ಲೇ ಇದಾಳೆ, ಹಾಯಾಗಿ."

ಮೇಡಂ ಬಗ್ಗಿ ಬಟ್ಟೆ ಸರಿಸಿದರು. ಚೂರು ಬಟ್ಟೆಗಳ ರಾಶಿಯಲ್ಲಿ ಗುಂಡಿ ಕೂತಿದ್ದಳು. ಅವಳ ಮಡಿಲಲ್ಲಿ, ಗಲಾಟೆಯ ನಡುವೆ ಯಾವಾಗಲೋ ನುಸುಳಿ ಬಂದಿದ್ದ ಇಸ್ತ್ರಿಯವನ ನಾಯಿಮರಿ ವಕೀಲರ ಕೋಟಿನ ತೋಳನ್ನು ಆರಾಮಾಗಿ ಅಗಿಯುತ್ತಿತ್ತು. ಗುಂಡಿ ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ದರ್ಜಿಯ ಕಡೆ ಚಾಚಿದಳು.

"ಅಪ್ಪ, ಸಾಕು."

ಅಪ್ಪ ಎಂದು ಕರೆಸಿಕೊಂಡ ಖುಷಿಗೆ ದರ್ಜಿ ಕರಗಿಹೋದ. ಮೇಡಂ ಮಾತ್ರ ನಗು ತಡೆಯಲಾರದೆ ಹೇಳಿದರು. "ಅವಳು ಥೆರಪಿ ಸಾಕು ಅಂದಿಲ್ಲ ಕಣ್ರೀ. ಈ ಮರೀನ ಸಾಕು ಅಂತಿದಾಳೆ."

"ಆಂ?"

ಅಷ್ಟರಲ್ಲಿ ಮರಿ ಅವನ ಎದೆಗೆ ಹಾರಿ ಗಲ್ಲ, ಮೂಗು, ಕಿವಿ ಒಂದನ್ನೂ ಬಿಡದೆ ನೆಕ್ಕತೊಡಗಿತು. ದರ್ಜಿ ಮರಿ ಸಮೇತ ಹೊಲಿಗೆ ಮೇಜು ಹತ್ತಿ ನಿಂತ. "ಅಯ್ಯಯ್ಯೋ, ಸಾಕು! ಸಾಕು! ಸಾಕು!"

ಗುಂಡಿಯ ಕಣ್ಣು ಹೊಳೆದವು. ಅಪ್ಪ ಒಪ್ಪಿಬಿಟ್ಟ!

"ಅವಳಿಗೆ ಎಷ್ಟು ಹೊತ್ತು ಅನ್ನೋದನ್ನ ನಾಳೆ ನೋಡೋಣ," ಎಂದರು ಮೇಡಂ. "ನಿಮಗಂತೂ ಈ ಮರಿ ಜೊತೆ ದಿನಾ ಥೆರಪಿ ಬೇಕೇ ಬೇಕು. ಎಷ್ಟು ಹೊತ್ತು ಅಂತ ಗುಂಡಿನೇ ಹೇಳ್ತಾಳೆ."

ಗುಂಡಿ ಡಬ್ಬಿ ಕೆದಕಿ ಕೆಂಪು ಗುಂಡಿಯೊಂದನ್ನು ಹುಡುಕಿದಳು. ಮೇಜಿನ ಮೇಲೆ ನಿಂತಿದ್ದ ಅಪ್ಪನ ಕೈ ಹಿಡಿದೆಳೆದು ಅಂಗೈಯಲ್ಲಿ ಅದನ್ನಿಟ್ಟಳು.

"ಭೇಷ್!" ಎಂದಳು.