ನಿದ್ದೆಯಲ್ಲಿ ಮಂಜೂರಾದ ನಲ್ಲಿ

ಯಲಹಂಕ ಹಳೇ ಪೇಟೆಯ ನಲ್ಲಿ ಸಂಪರ್ಕ ಕಚೇರಿಯಲ್ಲಿ ಈಗ ಒಂದು ಅರ್ಜಿಯೂ ಬಾಕಿಯಿಲ್ಲ. ಊಟವಾದ ಮೇಲೆ ಸಿಬ್ಬಂದಿ ಹೇಗೂ ಮಲಗುತ್ತಿದ್ದುದರಿಂದ, ಆ ನಿದ್ದೆಯನ್ನು ಒಂದೂವರೆ ಗಂಟೆಯ ಆವರ್ತಕ್ಕೆ ಹೊಂದಿಸಿಕೊಂಡು, ಕೊನೆಯಲ್ಲಿ ಬೀಳುವ ಕನಸಿನೊಳಗೆ ‘ಇದು ಕನಸು’ ಎಂಬ ಅರಿವಿಟ್ಟುಕೊಂಡೇ ಕಡತ ವಿಲೇವಾರಿ ಮಾಡತಕ್ಕದ್ದೆಂದು ಮೇಲಿನಿಂದ ಆದೇಶವಾಗಿತ್ತು. ಹೊತ್ತಿಗೆ ಸರಿಯಾಗಿ ಎಬ್ಬಿಸಲು ಒಬ್ಬ ಜವಾನನನ್ನು ನೇಮಿಸಲಾಯಿತು. ಅವನೂ ಮಲಗಿದ್ದರಿಂದ ಸಿಬ್ಬಂದಿಗೆ ಎರಡನೆಯ ಆವರ್ತವೂ ಲಭ್ಯವಾಯಿತು.

ಮನೆಗೊಂದು ನಲ್ಲಿ ಬೇಕೆಂದು ಅರ್ಜಿ ಹಾಕಿದ್ದ ಕೃಷ್ಣಮ್ಮ ಅದು ಬರುವವರೆಗೆಂದು ಪಕ್ಕದ ಮನೆಯ ರತ್ನಕ್ಕನ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಳು. ಈಚೆಗೆ ರತ್ನಕ್ಕ ಬಿಂದಿಗೆ ಕಂಡರೆ ಮುಖ ತಿರುಗಿಸುತ್ತಿದ್ದಳು. ತಡೆಯಲಾರದೆ ಕೃಷ್ಣಮ್ಮ ಒಂದು ಮಧ್ಯಾಹ್ನ ಕಚೇರಿಗೆ ಹೋದಳು. ಗುಮಾಸ್ತ ಅಶ್ವತ್ಥ್ ಕಣ್ಣುಜ್ಜಿಕೊಂಡು ಎದ್ದ.

“ನಿಮ್ದು ಮೊನ್ನೇನೇ ಮಂಜೂರಾಯ್ತಲ್ಲಮ್ಮ. ನಾನೇ ಸೈನ್ ಹಾಕಿದೀನಿ.”

“ಕಾಗ್ದ ಎಲ್ಲೈತೆ ಸಾರ್?”

“ಕನಸಲ್ಲಿದೆ. ನೀವೇ ಖುದ್ದಾಗಿ ಬಂದು ತಗೋಬೇಕು.”

“ಏಳೋವಾಗ ಇಂಗೆ ಕೈಲಿಡ್ಕೊಂಡು ಎದ್ದುಬಿಡಬಾರ್ದಾ?”

“ಕಚೇರಿ ಕಾಗದ ಹೊರಗೆ ತರೋ ಹಾಗಿಲ್ಲ. ನೀವು ಮಲಗಿ ಒಂದು ಕೈ ಬೆರಳು ಎಣಿಸ್ಕೊಳ್ಳಿ. ಆರಿದ್ರೆ ಕನಸು, ಕೌಂಟರ್‌ಗೆ ಬನ್ನಿ. ಐದಿದ್ರೆ ಎಚ್ಚರ ಅಂತ ಲೆಕ್ಕ. ಎಚ್ಚರ ಇರೋರಿಗೆ ನಮ್ಮಲ್ಲಿ ಕೌಂಟರ್ ಇಲ್ಲ.”

ಸಾರ್ವಜನಿಕರಿಗೆಂದು ಹಜಾರದಲ್ಲಿ ಚಾಪೆ ಹಾಸಲಾಗಿತ್ತು. ‘ಗೊರಕೆ ಹೊಡೆಯುವವರು ಪ್ರತ್ಯೇಕ ಸಾಲಿನಲ್ಲಿ ಮಲಗತಕ್ಕದ್ದು’ ಎಂಬ ಫಲಕದ ಕೆಳಗೆ ಕೃಷ್ಣಮ್ಮ ಸೆರಗು ಹೊದ್ದು ಮಲಗಿದಳು.

ಕನಸಿನಲ್ಲೂ ಕಚೇರಿ ಹಾಗೆಯೇ ಇತ್ತು. ಫ್ಯಾನು ಮಾತ್ರ ತಿರುಗುತ್ತಿತ್ತು. ಬೆರಳು ಎಣಿಸಿದಳು. ಐದೇ.

“ಐದಕ್ಕೆ ಕೊಡೋಕಾಗಲ್ಲ,” ಎಂದ ಅಶ್ವತ್ಥ್, ಕೌಂಟರಿನೊಳಗಿಂದ.

ಕಂಬಕ್ಕೆ ಒರಗಿದ್ದ ದಲ್ಲಾಳಿ ಬಾಲರಾಜು ಆಗ ಹತ್ತಿರ ಬಂದ. ದಿನವೂ ಕಚೇರಿಯ ಗೇಟಿನಲ್ಲಿರುವವನು ಇಲ್ಲೂ ಇರುವುದು ಅವಳಿಗೆ ವಿಶೇಷವೆನಿಸಲಿಲ್ಲ.

“ಒಂದು ಬೆರಳು ಕಮ್ಮಿ ತಾನೆ ಅಕ್ಕ? ನಂದು ಸೇರಿಸ್ಕೊಳ್ಳಿ. ಮೂಗುತಿ ಬಿಚ್ಚಿಕೊಡಿ, ಸಾಕು.”

ಕನಸಿನ ಮೂಗುತಿ ತಾನೆ ಎಂದು ಬಿಚ್ಚಿಕೊಟ್ಟಳು. ಅವನು ಅವಳ ಕೈಗೆ ತನ್ನ ಕಿರುಬೆರಳು ಸೇರಿಸಿ ಹಿಡಿದ. ಅಶ್ವತ್ಥ್ ಎಣಿಸಿ, ತೃಪ್ತನಾಗಿ, ಮಂಜೂರಾತಿ ಕೊಟ್ಟ.

ಎದ್ದಾಗ ಕೈಯಲ್ಲಿ ಕಾಗದವಿರಲಿಲ್ಲ. ಮೂಗಿನಲ್ಲಿ ಮೂಗುತಿಯೂ ಇರಲಿಲ್ಲ.

“ಕಾಗ್ದ ಬರ್ಲಿಲ್ಲ, ಸರಿ. ಮೂಗುತಿ ಎಂಗೋಯ್ತು ಸಾರ್?”

“ಕಾಗದ ಈಚೆ ಬರಬಾರ್ದು ಅಂತ ರೂಲ್ಸ್ ಇದೆ,” ಎಂದ ಅಶ್ವತ್ಥ್. “ಮೂಗುತಿ ಆಚೆ ಹೋಗಬಾರ್ದು ಅಂತ ಇಲ್ಲ.”

ಉತ್ತರ ಸಮಂಜಸವಾಗಿದ್ದುದರಿಂದ ಕೃಷ್ಣಮ್ಮ ಮನೆಗೆ ಹೋದಳು. ಅಂದು ಸಂಜೆ ಕಣ್ಣು ಮುಚ್ಚಿದ್ದೇ ತಡ, ಅವಳ ಹೊಸ್ತಿಲ ಬಳಿ ಹೊಸ ನಲ್ಲಿ ಸುರಿಯತೊಡಗಿತು. ಬೆಳಿಗ್ಗೆ ಬಿಂದಿಗೆ ಹಿಡಿದು ರತ್ನಕ್ಕನ ಬಾಗಿಲಿಗೆ ಹೋದಳು.

“ನಿಂಗೆ ನಲ್ಲಿ ಬಂತಂತಲ್ಲೇ. ನನ್ನ ಕನಸಲ್ಲೂ ನೋಡ್ದೆ. ನಮ್ಮನೇದಕ್ಕಿಂತ ಜೋರಾಗಿ ಬರ್ತದೆ.”

“ಅದು ನಿದ್ದೆ ನೀರು ಕಣಕ್ಕ. ಎದ್ರೆ ಬಿಂದಿಗೆ ಖಾಲಿ.”

“ಮತ್ತೆ ಯಾಕೆ ಏಳ್ತೀಯ?”

ರತ್ನಕ್ಕ ತನ್ನ ನಲ್ಲಿಗೆ ಬೀಗ ಹಾಕಿಕೊಂಡಳು. ಸ್ವಂತ ನಲ್ಲಿ ಇರುವವರು ಪಕ್ಕದವರನ್ನು ಕೇಳಬಾರದೆಂದು ಬೀದಿಯೆಲ್ಲ ಒಪ್ಪಿತು. ಕೃಷ್ಣಮ್ಮನೂ ಒಪ್ಪಿದಳು. ಬಾಯಾರಿಕೆ ತೀರಾ ಜಾಸ್ತಿಯಾಗಿದ್ದರಿಂದ ಮನೆಗೆ ಬಂದವಳೇ ಚಾಪೆ ಬಿಡಿಸಿ ಮಲಗಿದಳು.