ದನಿ ಕೇಳಿ ತೆರೆಯುವ ಬೀಗ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಂಪನಿಯ ಒಳ್ಳೆಯ ಸರಕೊಂದನ್ನು ಕೆಡಿಸಿದ್ದು ಪೈಪೋಟಿಯವರಲ್ಲ, ನನ್ನ ಗಂಟಲು. ಎದುರಿಗಿದ್ದವರ ದನಿಯಲ್ಲೇ ಅವರಿಗೆ ಉತ್ತರ ಕೊಡುವ ಚಟ ನನಗೆ ಹಾಲುಹಲ್ಲಿನ ಕಾಲದ್ದು. ಮದುವೆಮನೆಯಲ್ಲಿ ಪುರೋಹಿತರನ್ನೂ ಬಿಟ್ಟವನಲ್ಲ. ಕನ್ನಡಿಯೆದುರು ನಿಂತು ನನ್ನನ್ನೇ ಅಣಕಿಸಿಕೊಂಡದ್ದೂ ಉಂಟು; ಅದೊಂದು ಮಾತ್ರ ಅಷ್ಟು ಚೆನ್ನಾಗಿ ಬರುವುದಿಲ್ಲ.

ದಿಂಡಿಗಲ್‌ನ ಬೀಗದ ಕಂಪನಿಯೊಂದರಲ್ಲಿ ನಾನು ಮಾರಾಟದವನು. ತಾತನ ಕಾಲದಿಂದ ಬೀಗ ಬಡಿದುಕೊಂಡು ಬಂದ ನಮ್ಮ ಮುದಲಾಳಿಗೆ, ಅಂದರೆ ಮಾಲೀಕರಿಗೆ, ಒಮ್ಮೆ ಹೊಸ ಗಾಳಿ ಸೋಕಿತು. ವೇದಸಂದೂರಿನ ಮಲ್ಲಿಕಾ ಎಂಬ ಎಂಜಿನಿಯರ್ ಹುಡುಗಿಯನ್ನು ಕರೆತಂದು, ಒಡೆಯನ ದನಿ ಗುರುತಿಸಿ ತೆರೆಯುವ ಬೀಗ ಮಾಡಿಸಿದರು. ಅವಳೂ ನಮ್ಮಂತೆ ತಮಿಳುನಾಡಿನಲ್ಲೇ ಬೆಳೆದ ಮನೆಗನ್ನಡದವಳೇ. ಆದರೆ ಅವಳ ಕಿವಿಗಷ್ಟೇ ಕನ್ನಡ, ಬಾಯಿಗೆ ತಮಿಳು. ಬೀಗವೇನೋ ತಯಾರಾಯಿತು, ಯಾರಿಗೆ ಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹೊಸ ತಂತ್ರಜ್ಞಾನವೆಂದರೆ ಅಳತೆ ತೆಗೆದುಕೊಳ್ಳದೆ ಹೊಲಿದಿಟ್ಟ ಅಂಗಿ. ಅದು ಹೊಂದುವ ಮೈಯನ್ನು ಊರೂರು ಹುಡುಕುವುದಕ್ಕೇ ನನ್ನಂಥವರಿಗೆ ಸಂಬಳ. ಮೊದಲು ಕೊಡೈಕಾನಲ್‌ನ ಹೋಟೆಲೊಂದಕ್ಕೆ ಕೊಟ್ಟೆವು. ಚಳಿಗೆ ಗಂಟಲು ಕಟ್ಟಿದ ಅತಿಥಿಗಳನ್ನು ಬಾಗಿಲು ಬೆಳಿಗ್ಗೆ ಗುರುತೇ ಹಿಡಿಯದೆ ಹೊರಗೆ ನಿಲ್ಲಿಸಿತು. ಬೀಗಗಳೆಲ್ಲ ವಾಪಸು ಬಂದವು. "ಇನ್ನೊಂದು ಸಲ ನೋಡೋಣ. ಆಗಲಿಲ್ಲವೋ, ನನಗೆ ಹಳೇ ಬೀಗವೇ ಸಾಕು, ಆ ಹುಡುಗಿ ಬೇರೆ ಕೆಲಸ ನೋಡಿಕೊಳ್ಳಲಿ" ಎಂದರು ಮುದಲಾಳಿ.

ಆಗ ಹೊಳೆದದ್ದು ನನ್ನ ತಲೆಗೇ. ಕಂಬಂ ಕಣಿವೆಯಲ್ಲಿ ನನ್ನ ಮೂವರು ಸೋದರಮಾವಂದಿರ ದ್ರಾಕ್ಷಿ ಚಪ್ಪರಗಳಿಗೆ ಇರುವುದು ಒಂದೇ ಬಾವಿ, ಒಂದೇ ಮೋಟಾರು. ನೀರಿಗೆ ಸರದಿ, ಮನೆಮಾತಲ್ಲಿ ಮುರೈ. ಒಬ್ಬರ ಮುರೈಯಲ್ಲಿ ಇನ್ನೊಬ್ಬರು ಮೋಟಾರು ಹಾಕಿದರೆ ಹಬ್ಬದೂಟಕ್ಕೂ ಮಾತಿಲ್ಲ. ಬೀಗವನ್ನು ಬಾಗಿಲಿನಿಂದ ಕಿತ್ತು ಮೋಟಾರಿಗೆ ಹಾಕಿದರೆ? ಯಾರ ಸರದಿಯೋ ಅವರ ದನಿಗೆ ಮಾತ್ರ ನೀರು! ಮಲ್ಲಿಕಾ ನನ್ನನ್ನು ಮೊದಲ ಬಾರಿಗೆ ಮನುಷ್ಯನಂತೆ ನೋಡಿದಳು.

ನಾವು ಹೋದ ದಿನ ಚಿಕ್ಕ ಮಾವನ ಸರದಿ. ಮಲ್ಲಿಕಾ ಮೋಟಾರಿನ ಪೆಟ್ಟಿಗೆಗೆ ಬೀಗ ಕೂರಿಸಿ, ಮೂವರ ದನಿಯನ್ನೂ ಸರದಿಯನ್ನೂ ಅದಕ್ಕೆ ತುಂಬಿದಳು. ಪರೀಕ್ಷೆಗೆಂದು ದೊಡ್ಡ ಮಾವ ಪೆಟ್ಟಿಗೆಯ ಮುಂದೆ ನಿಂತು ಗುಡುಗಿದರು, "ಮೋಟಾರ್ ಹಾಕು!" ಪೆಟ್ಟಿಗೆ ಸುಮ್ಮನಿತ್ತು. "ಲೇ, ನಾನು ಮನೇಗೇ ದೊಡ್ಡವನು ಡಾ!" ಅದಕ್ಕೂ ಸುಮ್ಮನಿತ್ತು.

ಅವರ ಹೆಂಡತಿ, ನನ್ನ ದೊಡ್ಡತ್ತೆ, ಸೆರಗು ಬಾಯಿಗಿಟ್ಟು ನಕ್ಕರು. "ಇವ್ರ ಮಾತ್ಗೆ ಜಗ್ದೇ ಇರೋಳು ನಾನೊಬ್ಳೇ ಅಂದ್ಕೊಂಡಿದ್ದೆ."

ಚಿಕ್ಕ ಮಾವ ಎಂದಿನಂತೆ ಎರಡು ಕೆಮ್ಮು ಕೆಮ್ಮಿ, ಮೂಗಿನಲ್ಲಿ "ಮೋಟಾರ್ ಹಾಕಪ್ಪಾ ಸಾಮಿ" ಎಂದರು. ಮೋಟಾರು ಮೊರೆಯಿತು, ನೀರು ಚಿಮ್ಮಿತು. ದೊಡ್ಡ ಮಾವನಿಗೆ ಅವಮಾನವೂ ಆಯಿತು, ಇನ್ನು ತಮ್ಮ ಸರದಿಯನ್ನೂ ಯಾರೂ ಕದಿಯಲಾರರೆಂದು ಖುಷಿಯೂ ಆಯಿತು. "ಇಡ್ಸಿಬುಡು ಡಾ. ಸುತ್ತಲ ಬಾವಿಯವ್ರ್ಗೂ ನಾನೇ ಹೇಳ್ತೀನಿ" ಎಂದು ಕೆಂಪು ಗುಂಡಿಯೊತ್ತಿ ಮೋಟಾರು ನಿಲ್ಲಿಸಿದರು. ಮಲ್ಲಿಕಾಳ ಮುಖದಲ್ಲಿ ಕೆಲಸ ಉಳಿದ ಕಳೆ.

ಅಲ್ಲಿಗೇ ಹೊರಟುಬಿಡಬೇಕಿತ್ತು. ಆದರೆ ಮಾವಂದಿರ ಮಕ್ಕಳು, "ಬಾವಾ, ಚಿಕ್ಕಪ್ಪನ ತರ ಮಾತಾಡು ಬಾವಾ!" ಎಂದು ಜೋತುಬಿದ್ದರು. ಕೇಳಿದರೆ ಇಲ್ಲವೆನ್ನುವ ಕಲಾವಿದ ನಾನಲ್ಲ. ಲುಂಗಿ ಎತ್ತಿ ಕಟ್ಟಿ, ಎರಡು ಕೆಮ್ಮು ಕೆಮ್ಮಿ, ಮೂಗಿನಲ್ಲಿ "ಮೋಟಾರ್ ಹಾಕಪ್ಪಾ ಸಾಮಿ" ಎಂದೆ.

ಮೋಟಾರು ಮೊರೆಯಿತು. ನನ್ನ ಕಲೆಗೆ ಇಂಥ ಸರ್ಟಿಫಿಕೇಟು ಎಂದೂ ಸಿಕ್ಕಿರಲಿಲ್ಲ. ಆದರೆ ಒಬ್ಬರೂ ನಗಲಿಲ್ಲ. ಚಿಕ್ಕ ಮಾವ ತಮ್ಮ ಗಂಟಲನ್ನೇ ಯಾರೋ ಕದ್ದರೇನೋ ಎಂಬಂತೆ ಕತ್ತು ಮುಟ್ಟಿ ನೋಡಿಕೊಂಡರು. ನಡುವಿನ ಮಾವ ನಿಧಾನವಾಗಿ ಕೇಳಿದರು, "ಅಂದ್ರೆ ಯಾರ ಮುರೈ ಇದ್ರೂ, ಇವನ್ಗೆ ಬಿರಿಯಾನಿ ಕೊಡ್ಸಿದವ್ರ್ಗೇ ನೀರಾ?"

ಸರಿಮಾಡಿ ತರುತ್ತೇವೆಂದು ಮಲ್ಲಿಕಾ ತಮಿಳಿನಲ್ಲಿ ಗೋಗರೆದಳು. ನಾನು ಧೈರ್ಯವಾಗಿ ಬೆಂಬಲಕ್ಕೆ ನಿಂತೆ: "ಬೀಗದ್ದೇನೂ ತಪ್ಪಿಲ್ಲ ಮಾವ. ಇಡೀ ಕಣಿವೇಲಿ ಇದನ್ನ ಏಮಾರಿಸೋನು ನಾನೊಬ್ನೇ!"

ದೊಡ್ಡತ್ತೆ ಮಲ್ಲಿಕಾಳ ಗಲ್ಲ ಸವರಿ ಹೇಳಿದರು: "ಹಂಗಾದ್ರೆ ಮೋಟಾರ್ಗೆ ಬೀಗ ಯಾಕಮ್ಮಾ, ನನ್ ಕಣ್ಣು? ಇವನ್ ಬಾಯ್ಗೆ ಹಾಕೋದೊಂದು ಮಾಡ್ಕೊಂಡು ಬಾ, ಮೂರು ಮನೆಯೋರೂ ತಗೊಂತೀವಿ."