ಕಿಲುಬು ತಿಕ್ಕಿದ್ದಕ್ಕೆ ಆಡಿದ ಮಾತನ್ನು ಹಿಂಪಡೆಯುವ ಕುರಿತು

ದಿನಾಂಕ: 17-07-2025

ಇಂದ,
ನಿಜಗುಣ ಮಡಿವಾಳಪ್ಪ ಹೊಂಗಲ,
ಬೇಸ್‌ಮೆಂಟು, ಸದರಿ ಮನೆ, ಮಿಲ್ಟನ್.

ಗೆ,
ಶ್ರೀಮತಿ ಈರವ್ವ ಮಡಿವಾಳಪ್ಪ ಹೊಂಗಲ,
ನಿವೃತ್ತ ಪ್ರಥಮ ದರ್ಜೆ ಸಹಾಯಕರು, ತಹಶೀಲ್ದಾರ ಕಚೇರಿ, ಹಾಗೂ ಅರ್ಜಿದಾರನ ತಾಯಿ,
ಮಾಳಿಗೆಯ ಬಾಗಿಲು ಹಾಕಿದ ಕೋಣೆ, ಸದರಿ ಮನೆ.

ಮೂಲಕ: ಶ್ರೀಮತಿ ಸೌಮ್ಯಾ, ಅರ್ಜಿದಾರನ ಹೆಂಡತಿ (ತಾವು ಸದ್ಯ ಮಾತಾಡುತ್ತಿರುವುದು ಇವರೊಬ್ಬರ ಜೊತೆ).

ವಿಷಯ: ಬಾಯಿ ತಪ್ಪಿ ಆಡಿದ ಮಾತನ್ನು ಹಿಂಪಡೆಯಲು ಅನುಮತಿ ಕೋರಿ.

ಉಲ್ಲೇಖ: 1) "ಇನ್ನ ನೀ ನನಗ ಹೇಳೂದೇನಿದ್ರೂ ಬರದ ಕೊಡು" ಎಂಬ ತಮ್ಮ ಮೌಖಿಕ ಆದೇಶ, 11-07-2025.
2) ಅರ್ಜಿದಾರನ ಮೊದಲ ಅರ್ಜಿ. ದಿನಾಂಕವಿಲ್ಲವೆಂದು ಬಾಗಿಲ ಸಂದಿಯಿಂದ ಹೊರಗೆ ತಳ್ಳಲ್ಪಟ್ಟದ್ದು.

ಮಾನ್ಯರೇ,

1. ಅರ್ಜಿದಾರನು ವೇರ್‌ಹೌಸಿನ ಶಿಫ್ಟು ಮುಗಿಸಿ ಬಂದು, ಉಳಿದ ಹೊತ್ತಿನಲ್ಲಿ ನೂರೈವತ್ತು ವರ್ಷದ ಹಿಂದಿನ ಮನೆಬಳಕೆಯ ಸಾಮಾನುಗಳ ನಕಲು ತಯಾರಿಸುತ್ತಾನೆಂಬುದು ತಮಗೆ ತಿಳಿದ ವಿಷಯ: ಚಹಾದ ಪೊಟ್ಟಣ, ಸಾಬೂನಿನ ಪೆಟ್ಟಿಗೆ, ತಾಮ್ರದ ಕೆಟಲ್ಲು. ಆ ಕಾಲದ ಬಟ್ಟೆ ತೊಟ್ಟು, ಆ ಕಾಲದವರಂತೆ ಒಂದು ದಿನ ಬದುಕಿ ತೋರಿಸುವ ಹವ್ಯಾಸಿಗಳು ಇವನ್ನು ಬಳಸುತ್ತಾರೆ. "ಹುಚ್ಚ ಮಂದಿ" ಎಂಬ ತಮ್ಮ ಅಭಿಪ್ರಾಯವನ್ನು ಕಡತಕ್ಕೆ ಸೇರಿಸಲಾಗಿದೆ.

2. ಶನಿವಾರದ ಪ್ರದರ್ಶನಕ್ಕೆಂದು ಅರ್ಜಿದಾರನು ಹನ್ನೆರಡು ಕೆಟಲ್ಲುಗಳಿಗೆ ವಿನೆಗರ್, ಉಪ್ಪು ಸವರಿ ಮೂರು ವಾರ ಕಿಲುಬು ಬೆಳೆಸಿದ್ದನು. ಚಹಾಪೊಟ್ಟಣದ ಚೀಟಿಗಳನ್ನು ಹಳತಾಗಿ ಕಾಣಲೆಂದು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಲು ಹಗ್ಗಕ್ಕೆ ಹಾಕಿದ್ದನು. ಶುಕ್ರವಾರ ಅರ್ಜಿದಾರನು ಕೆಲಸಕ್ಕೆ ಹೋಗಿದ್ದ ಕಾರಣ, ತಾವು ಬೇಸ್‌ಮೆಂಟಿಗೆ ಇಳಿದ ಕಾರಣ, ಹಾಗೂ ಕಿಲುಬು ಕಂಡರೆ ತಮಗೆ ಕೈ ಸುಮ್ಮನಿರದ ಕಾರಣ, ಹನ್ನೆರಡನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದಿರಿ. ಚೀಟಿಗಳ ಮೇಲೆ ಯಾರೋ ಚಹಾ ಚೆಲ್ಲಿದ್ದಾರೆಂದು ಅವನ್ನು ರದ್ದಿಗೆ ಹಾಕಿ, ಕಪಾಟಿನಲ್ಲಿದ್ದ ಬಿಳಿ ಚೀಟಿಗಳನ್ನು ಅಂಟಿಸಿದಿರಿ. ಸೊಂಟ ಹಿಡಿದರೂ ನಿಲ್ಲಿಸಲಿಲ್ಲವೆಂದು ಸೌಮ್ಯಾ ಅವರ ಹೇಳಿಕೆ ಇದೆ.

3. ಮನೆಗೆ ಬಂದ ಅರ್ಜಿದಾರನು ಕೂಗಾಡಿದನು. ತಾವು ಒಂದೇ ಪ್ರಶ್ನೆ ಕೇಳಿದಿರಿ: "ಆಗಿನ ಮಂದಿ ಅಂಗಡಿಗೆ ಹೋಗಿ ಕಿಲುಬು ಹಿಡದದ್ದನ್ನ ಆರಿಸಿ ತರ್ತಿದ್ರೇನೋ?" ಅದಕ್ಕೆ ಅರ್ಜಿದಾರನು, "ನಿನಗೇನ ತಿಳಿತೈತಿ ಇದರಾಗ? ಸುಮ್ನ ಕುಂದರ" ಎಂದನು. ಮೂವತ್ತೊಂದು ವರ್ಷ ಕಡತ ನೋಡಿದವರಿಗೆ ಆಡುವ ಮಾತಲ್ಲ ಅದು. ತಾಯಿಗಂತೂ ಅಲ್ಲ.

4. ಶನಿವಾರ ಅರ್ಜಿದಾರನು ಬೇರೆ ದಾರಿ ಕಾಣದೆ ಆ ಫಳಫಳ ಕೆಟಲ್ಲುಗಳನ್ನೇ ಒಯ್ದನು. ಆ ಹವ್ಯಾಸಿಗಳ ತಂಡದ ಮುಖ್ಯಸ್ಥೆ ಒಂದನ್ನು ತಿರುಗಿಸಿ ನೋಡಿ "ಫೈನಲಿ!" ಎಂದಳು. ಆಗಿನವರ ಪಾಲಿಗೆ ಇವೆಲ್ಲ ಹೊಚ್ಚಹೊಸವೇ ಅಲ್ಲವೇ, ಅದನ್ನು ಅರ್ಥಮಾಡಿಕೊಂಡವನು ನೀನೊಬ್ಬನೇ ಎಂದು ಎಲ್ಲರ ಮುಂದೆ ಕೈಕುಲುಕಿದಳು. ಅರ್ಜಿದಾರನು ತಾನೇ ಬೆಳಗಿದವನಂತೆ ತಲೆಯಾಡಿಸಿದನು. ಇದು ಎರಡನೆಯ ತಪ್ಪು. ತಮಗೆ ಇದು ಇನ್ನೂ ಗೊತ್ತಿರಲಿಲ್ಲ.

5. ಆರು ದಿನದಿಂದ ತಾವು ಊಟಕ್ಕೆ ಕೆಳಗೆ ಬಂದಿಲ್ಲ. ಈ ಶನಿವಾರವೇ ಊರಿಗೆ ಟಿಕೆಟ್ ಮಾಡಿಸೆಂದು ಸೊಸೆಗೆ ಹೇಳಿದ್ದೀರಿ. ಆರು ತಿಂಗಳಿಗೆಂದು ಊರಿಂದ ಈ ಪರದೇಶಕ್ಕೆ ಬಂದವರಿಗೆ ಇನ್ನೂ ಎರಡು ತಿಂಗಳೂ ತುಂಬಿಲ್ಲ. "ಅಜ್ಜಿ ಈಸ್ ಆನ್ ಸ್ಟ್ರೈಕ್" ಎಂದು ತಮ್ಮ ಮೊಮ್ಮಗಳು ಸಾನ್ವಿ ಪಕ್ಕದ ಮನೆಗೂ ಸುದ್ದಿ ಮುಟ್ಟಿಸಿದ್ದಾಳೆ. ಅರ್ಜಿದಾರನಿಗೆ ನಾಚಿಕೆಯಾಗಿದೆ. ಕೆಲಸದಿಂದ ಬಂದಾಗ "ಬಂದ್ಯಾ?" ಎಂದು ಕೇಳುವವರಿಲ್ಲದೆ ಮನೆ ಬಿಕೋ ಎನ್ನುತ್ತಿದೆ.

ಆದ್ದರಿಂದ, ಕಲಂ 3ರ ಮಾತನ್ನು ಬೇಷರತ್ತಾಗಿ ಹಿಂಪಡೆಯಲು ಅನುಮತಿ ನೀಡಿ, ಟಿಕೆಟ್ ಆದೇಶವನ್ನು ರದ್ದುಗೊಳಿಸಿ, ಅರ್ಜಿದಾರನೊಂದಿಗೆ ಮಾತು ಪುನರಾರಂಭಿಸಬೇಕಾಗಿ ವಿನಂತಿ. ಮೊದಲ ಮಾತು ಬೈಗುಳವಾದರೂ ಅಭ್ಯಂತರವಿಲ್ಲ.

ತಮ್ಮ ವಿಶ್ವಾಸಿ, ಹಾಗೂ ಒಬ್ಬನೇ ಮಗ,
ನಿಜಗುಣ

ಲಗತ್ತು:
1. ಬೆಳಗಿದ್ದು ನಮ್ಮವ್ವ, ನಾನಲ್ಲ ಎಂದು ಮುಖ್ಯಸ್ಥೆಗೆ ಬರೆದ ಪತ್ರದ ಪ್ರತಿ.
2. ಹುಣಸೆಹಣ್ಣು, ಒಂದು ಕಿಲೋ, ಜೆರಾರ್ಡ್ ಬಜಾರಿನ ನಮ್ಮ ಕಡೆಯವರ ಅಂಗಡಿಯದು. ಹಳೆಯದು, ಅರ್ಜಿದಾರನು ಹಳತು ಮಾಡಿದ್ದಲ್ಲ.
3. ಚಹಾ, ಒಂದು ಲೋಟ.

ವಿ.ಸೂ.: ಅರ್ಜಿದಾರನು ಬಾಗಿಲ ಹೊರಗೆ ನೆಲದ ಮೇಲೆ ಕುಳಿತಿದ್ದಾನೆ. ಲಗತ್ತು 1 ಸಂದಿಯಿಂದ ಒಳಗೆ ಬರುತ್ತದೆ. ಲಗತ್ತು 3 ಬರುವುದಿಲ್ಲ, ಮತ್ತು ಆರುತ್ತಿದೆ. ಆದ ಕಾರಣ ದಯವಿಟ್ಟು ಬಾಗಿಲು ತೆರೆಯಬೇಕು.